ಒಂದೇ ಸಲ ನುಡಿಸಿದ ಕೊನೆಯ ಪುಟ

ಹೆಣ ಹೊತ್ತವರು ಓಡುವುದನ್ನು ಯಾರಾದರೂ ಕಂಡಿದ್ದೀರಾ? ನಾನು ಇಡೀ ಒಂದು ಮಳೆಗಾಲ, ಪ್ರತಿ ಶನಿವಾರ ಮಧ್ಯಾಹ್ನ ಕಂಡೆ. ನಾನು ಸಂಗೀತ ಕಲಿಸುವ ಊಟಿಯ ಶಾಲೆಯೊಂದರ ಹಳೇ ಸಭಾಂಗಣ. ಎದುರಿಗೆ ಮೂವತ್ತು ಚಿಲ್ಲರೆ ಮಂದಿಯ ನಮ್ಮ ಆರ್ಕೆಸ್ಟ್ರಾ. ನನ್ನ ಕೈಯಲ್ಲಿ ತಾಳ ತೋರಿಸುವ ಬಿಳಿ ಕಡ್ಡಿ. ಸಿಂಫನಿಯ ನಾಲ್ಕನೇ ಭಾಗ ಶುರುವಾದರೆ ಅಲ್ಲಿ ಕಥಾನಾಯಕನ ಹೆಣವನ್ನು ಕುರುಬರು ಬೆಟ್ಟದಿಂದ ಇಳಿಸುತ್ತಾರೆ. ತೀರಾ ನಿಧಾನದ ನಡೆ, ವೇಗ ಅಳೆಯುವ ಮೆಟ್ರೊನೋಮಿನಲ್ಲಿ ನಿಮಿಷಕ್ಕೆ ಐವತ್ತು ಪೆಟ್ಟು. ಮೊದಲ ಸಾಲು ಐವತ್ತರಲ್ಲೇ ಇರುತ್ತಿತ್ತು. ಎರಡನೇ ಪುಟಕ್ಕೆ ಅರವತ್ತು ದಾಟಿ, ಮೂರನೆಯದಕ್ಕೆ ಎಂಬತ್ತಕ್ಕೆ ಹೋಗಿ ನಿಲ್ಲುತ್ತಿತ್ತು. ಕುರುಬರು ಹೆಣವನ್ನು ಇಳಿಸುತ್ತಿರಲಿಲ್ಲ, ಊಟಿ ಬಸ್ಸು ತಪ್ಪಿಹೋಗುತ್ತದೆ ಅನ್ನುವವರ ಹಾಗೆ ಓಡಿಸಿಕೊಂಡು ಬರುತ್ತಿದ್ದರು.

ಈ ಸಿಂಫನಿಯನ್ನು ಆರಿಸಿದವಳು ನಾನಲ್ಲ. ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಒಂದು ಗೀಳು ಇತ್ತು. ಹಳೆಯ ದಂತಕಥೆ ಹಿಡಿದು, ಒಂದು ಮಾತೂ ಇಲ್ಲದೆ, ಬರೀ ವಾದ್ಯಗಳಿಂದ ಆ ಕಥೆ ಹೇಳಿಸುವುದು. ಇದು ಆ ಜಾತಿಯದು. ಬರೆದವನಿಗೆ ಅಂಥ ದೊಡ್ಡ ಹೆಸರೇನಿಲ್ಲ. ಕಥೆ ಇಷ್ಟೇ: ಒಬ್ಬ ಜಮೀನ್ದಾರನ ತಪ್ಪಿನಿಂದ ಅವನು ಪ್ರೀತಿಸಿದ ಹೆಣ್ಣು ಸಾಯುತ್ತಾಳೆ. ಅವನು ಬೆಟ್ಟ ಬೆಟ್ಟ ಅಲೆಯುತ್ತ ಕಂಡಕಂಡ ದೇವತೆಗಳನ್ನೆಲ್ಲ ಕ್ಷಮೆ ಕೇಳುತ್ತಾನೆ. ಯಾರೂ ಕೊಡುವುದಿಲ್ಲ. ಕೊನೆಗೆ ಅಲ್ಲೇ ಸಾಯುತ್ತಾನೆ. ಸತ್ತ ಮೇಲೆ ಕ್ಷಮೆ ಸಿಕ್ಕಿತೋ ಇಲ್ಲವೋ, ಕಥೆ ಹೇಳುವುದಿಲ್ಲ. ಸಂಗೀತ ಹೇಳುತ್ತದೆ. ಅಷ್ಟು ಹೊತ್ತೂ ಕತ್ತಲೆಯಂಥ ಸ್ವರಗಳಲ್ಲಿ ತೆವಳಿದ್ದು ಕೊನೆಯ ಪುಟದಲ್ಲಿ ಮೆಲ್ಲಗೆ ಬೆಳಕಿನ ಕಡೆಗೆ ತಿರುಗುತ್ತದೆ. ಜೀವ ಹಗುರಾಗಿ ಹೋಯಿತು ಅಂತ ಕೇಳಿದವರಿಗೆ ಗೊತ್ತಾಗಬೇಕು.

ನಮಗೆ ವಾದ್ಯಗಳನ್ನು ಎರವಲು ಕೊಟ್ಟಿದ್ದ ಚೆನ್ನೈನ ಟ್ರಸ್ಟಿನ ಹಿರಿಯರಿಗೆ ಇದು ಅಚ್ಚುಮೆಚ್ಚು. ಅವರು ತೀರಿಕೊಂಡ ಮೇಲೆ ಟ್ರಸ್ಟು ಒಂದು ಷರತ್ತು ಹಾಕಿತು. ಈ ಸಿಂಫನಿಯನ್ನು ಪೂರ್ತಿ ನುಡಿಸಬೇಕು. ಅವರು ಕಳಿಸುವ ಪರೀಕ್ಷಕರು ಬಂದು, ತಮ್ಮದೇ ಯಂತ್ರದಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗುತ್ತಾರೆ. ಸಮಿತಿ ಕೇಳಿ ಒಪ್ಪಿದರೆ ವಾದ್ಯಗಳು ನಮ್ಮಲ್ಲೇ ಉಳಿಯುತ್ತವೆ, ಇಲ್ಲವಾದರೆ ಕೆಳಗೆ ಬಯಲಿನ ಯಾವುದೋ ಕಾಲೇಜಿಗೆ. ಪಿಟೀಲುಗಳು ನಮ್ಮ ನಮ್ಮವು. ಟ್ರಾಂಬೋನು, ಕಹಳೆ ಬಡಗರ ಹಟ್ಟಿಗಳ ಬ್ಯಾಂಡ್ ಸೆಟ್ಟಿನವು. ಆದರೆ ಸುರುಳಿ ಕೊಂಬಿನಂಥ ಎರಡು ಹಾರ್ನ್, ಕೊಪ್ಪರಿಗೆಯ ಹಾಗಿರುವ ಜೋಡಿ ಡ್ರಮ್ಮು, ಮತ್ತೆ ಚೆಲ್ಲೊ, ಇವು ಟ್ರಸ್ಟಿನವು.

ಚೆಲ್ಲೊ ಅಂದರೆ ಪಿಟೀಲಿನ ದೊಡ್ಡಕ್ಕ. ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸಬೇಕು. ನಮ್ಮಲ್ಲಿ ಅದನ್ನು ನುಡಿಸುತ್ತಿದ್ದವಳು ಕಟ್ಟಬೆಟ್ಟಿನ ಟೀ ಎಲೆ ಕೊಳ್ಳುವ ಶೆಡ್ಡಿನಲ್ಲಿ ತೂಕ ಹಾಕುವ ಹೆಂಗಸು. ಮಕ್ಕಳು ದೊಡ್ಡವರಾದ ಮೇಲೆ ಕಲಿಯಲು ಶುರು ಮಾಡಿದವಳು. ಮೊದಲ ವರ್ಷ ಅವಳ ಕಮಾನು ಎಳೆದರೆ ಬಾಗಿಲು ಕಿರುಗುಟ್ಟಿದ ಹಾಗಿತ್ತು. ಈಗ ನಾಲ್ಕನೇ ಭಾಗದ ಮುಖ್ಯ ಸಾಲು ಅವಳದೇ. ಶನಿವಾರ ಬಸ್ಸಿನಲ್ಲಿ ಬಂದು, ಬೀರುವಿನಿಂದ ಚೆಲ್ಲೊ ತೆಗೆದು, ಸೆರಗಿನಿಂದ ಒರೆಸಿ, ಸಂಜೆಯ ಬಸ್ಸಿಗೆ ಮತ್ತೆ ಬೀರುವಿನಲ್ಲಿಟ್ಟು ಹೋಗುತ್ತಿದ್ದಳು. ಟ್ರಸ್ಟು ವಾದ್ಯ ಹಿಂದಕ್ಕೆ ತೆಗೆದುಕೊಂಡರೆ ಉಳಿದವರಿಗೆ ಆರ್ಕೆಸ್ಟ್ರಾ ಕುಂಟುತ್ತದೆ. ಅವಳಿಗೆ ಸಂಗೀತವೇ ಮುಗಿಯುತ್ತದೆ. ಇದು ನಮ್ಮೆಲ್ಲರಿಗೂ ಗೊತ್ತಿತ್ತು, ಅವಳು ಮಾತ್ರ ಬಾಯಿ ಬಿಟ್ಟು ಹೇಳಿದವಳಲ್ಲ.

ಹೀಗಿರುವಾಗ ಇವರು ಓಡುತ್ತಿದ್ದರು.

ಮೊದಲು ನಾನು ಹವಾಮಾನವನ್ನು ಬೈದೆ, ಅದು ಸುಲಭ. ಮಂಜು ಸಭಾಂಗಣದ ಒಳಗೇ ಬಂದು ಕೂರುತ್ತಿತ್ತು. ಪಿಟೀಲಿನ ಬಿರಡೆಗಳು ಜಾರುತ್ತಿದ್ದವು. ಜೋಡಿ ಡ್ರಮ್ಮಿನದು ಹಳೆಯ ಕರುವಿನ ಚರ್ಮ. ತೇವ ಹಿಡಿದರೆ ಸಡಿಲವಾಗಿ ‘ದಬ್ ದಬ್’ ಅನ್ನುತ್ತಿತ್ತು. ಅದರ ಹೊಟ್ಟೆಯ ಕೆಳಗೆ ಬಲ್ಬು ಹಚ್ಚಿಟ್ಟು ಬಿಸಿ ಮಾಡುತ್ತಿದ್ದೆವು. ಹಿತ್ತಾಳೆ ವಾದ್ಯಗಳದು ಇನ್ನೊಂದು ಪಾಡು. ಮೂರನೇ ಭಾಗದಲ್ಲಿ ಅವಕ್ಕೆ ಹೆಚ್ಚು ಕೆಲಸವಿಲ್ಲ, ಸುಮ್ಮನೆ ಕೂತು ತಣ್ಣಗಾಗುತ್ತವೆ. ತಣ್ಣಗಾದ ಟ್ರಾಂಬೋನು ನಾಲ್ಕನೇ ಭಾಗಕ್ಕೆ ಬಾಯಿ ತೆರೆದರೆ ಶ್ರುತಿ ಇಳಿದಿರುತ್ತದೆ. ಅದಕ್ಕೆ ಆ ಭಾಗವೆಲ್ಲ ಅವರು ಶಬ್ದ ಮಾಡದೆ ಕೊಳವೆಯೊಳಗೆ ಬಿಸಿಯುಸಿರು ಊದುತ್ತಿರಬೇಕು ಅಂತ ಗೊತ್ತು ಮಾಡಿದೆ. ಶ್ರುತಿ ಸರಿಹೋಯಿತು. ಓಟ ನಿಲ್ಲಲಿಲ್ಲ.

ಆಮೇಲೆ ಡ್ರಮ್ಮಿನವನನ್ನು ಹಿಡಿದೆ. ಅವನು ಬ್ಯಾಂಕಿನಲ್ಲಿ ಗುಮಾಸ್ತ, ಊಟಿ ಹತ್ತಿರದ ಸೋಲೂರು ಕಡೆಯ ಹಟ್ಟಿಯವನು, ರಜೆಯಲ್ಲಿ ಅಲ್ಲಿನ ಬ್ಯಾಂಡ್ ಸೆಟ್ಟಿನಲ್ಲಿ ಬಾರಿಸುತ್ತಾನೆ. ಅವನ ಕೋಲು ತಾಳಕ್ಕಿಂತ ಕೂದಲೆಳೆಯಷ್ಟು ಮುಂಚೆ ಬೀಳುತ್ತಿತ್ತು. ಒಂದು ಸಲ ಬಿದ್ದರೆ ಚಿಂತೆಯಿಲ್ಲ, ನೂರು ಸಲ ಬಿದ್ದರೆ ಇಡೀ ಆರ್ಕೆಸ್ಟ್ರಾ ಇಳಿಜಾರಿಗೆ ಬಿದ್ದ ಹಾಗೆ. ಪ್ರತಿ ಪೆಟ್ಟನ್ನೂ ನಾಲ್ಕು ಮಾಡಿ ಮನಸ್ಸಿನಲ್ಲೇ ಎಣಿಸು ಅಂದೆ. ಎಣಿಸಿದ, ನಾಲ್ಕನ್ನೂ ಬೇಗಬೇಗ ಎಣಿಸಿದ. ಡ್ರಮ್ಮಿನ ಮೇಲೆ ಟವೆಲ್ ಹಾಸಿದೆ. ಟವೆಲ್ಲಿನ ಮೇಲೂ ಓಡಿದ.

“ಟೀಚರ್, ಇದು ಎಂಥ ಸಾವು?” ಅಂದ ಒಂದು ದಿನ, ಕೋಲು ಕೆಳಗಿಟ್ಟು. “ಇಷ್ಟು ಮೆಲ್ಲ ಬಾಜಿಸಿದರೆ ಹೊತ್ತವಕ ತೋಳು ಬಿದ್ದುಹೋಗ್ತದ. ಸತ್ತವನೇ ಬೇಸತ್ತು ಎದ್ದು ನಡೆದುಬುಡುವ.”

ಎಲ್ಲರೂ ನಕ್ಕರು. ನನಗೆ ಮೈ ಉರಿದುಹೋಯಿತು. ನಿನಗೆ ಹೇಳುವುದಕ್ಕಿಂತ ಕೋಣನ ಮುಂದೆ ಕಿನ್ನರಿ ಬಾರಿಸುವುದು ಮೇಲು ಅಂದೆ. ಅವನು ಕೋಲನ್ನು ಚೀಲಕ್ಕೆ ಹಾಕಿಕೊಂಡು ಮೂಲೆಯಲ್ಲಿ ಕೂತ. ಆ ದಿನ ಡ್ರಮ್ಮಿಲ್ಲದೆ ನುಡಿಸಿದೆವು. ಡ್ರಮ್ಮಿಲ್ಲದೆಯೂ ಓಡಿದೆವು.

ಮುಂದಿನ ಶನಿವಾರ ಒಬ್ಬೊಬ್ಬರ ಕಿವಿಗೂ ಇಯರ್‌ಫೋನ್ ಹಾಕಿಸಿ, ಫೋನಿನಲ್ಲಿ ‘ಟಿಕ್ ಟಿಕ್’ ಕೇಳಿಸಿದೆ. ಈ ಸಲ ಐವತ್ತು ಐವತ್ತರಲ್ಲೇ ನಿಂತಿತು. ಆದರೆ ಒಬ್ಬರು ಇನ್ನೊಬ್ಬರನ್ನು ಕೇಳುತ್ತಿರಲಿಲ್ಲ. ಮುಗಿದ ಮೇಲೆ ಮೊದಲ ಟ್ರಾಂಬೋನಿನ ಮಾಮ ಇಯರ್‌ಫೋನ್ ಕಿತ್ತು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಅವರು ಬ್ಯಾಂಡ್ ಸೆಟ್ಟಿನ ಯಜಮಾನರು, ಮನೆಯ ಸುತ್ತ ಒಂದಿಷ್ಟು ಟೀ ತೋಟವಿದೆ, ವಯಸ್ಸಿನಲ್ಲಿ ನಮ್ಮೆಲ್ಲರಿಗೂ ಹಿರಿಯರು. ಸಂಬಂಧ ಇರಲಿ ಬಿಡಲಿ, ಎಲ್ಲರಿಗೂ ಮಾಮ.

“ಇದು ಆರ ಮನೆ ಸಾವೂ ಅಲ್ಲ ಮಗಳೆ. ಗಡಿಯಾರದ ಅಂಗಡಿ,” ಅಂದರು.

ಸರಿಯಾಗಿಯೇ ಹೇಳಿದ್ದರು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಆ ವಾರದಲ್ಲೇ ಮಾಮನ ದೊಡ್ಡಮ್ಮ ತೀರಿಕೊಂಡರು. ತುಂಬು ಬಾಳು ಬಾಳಿದ ಮುದುಕಿ. ನಾವು ಕೆಲವರು ಸೋಲೂರಿನಾಚೆಯ ಆ ಹಟ್ಟಿಗೆ ಹೋದೆವು. ನಾನೂ ಹಟ್ಟಿಯಲ್ಲೇ ಹುಟ್ಟಿದವಳು. ಓದಿದ್ದು ಮೈಸೂರಾದ್ದರಿಂದ ಬರೆಯುವುದು ಹೀಗೆ, ಮನೆಯಲ್ಲಿ ಮಾತು ಬಡಗ. ಸಾವು ನನಗೆ ಹೊಸದಲ್ಲ. ಮಂಚದ ಮೇಲೆ ಮುದುಕಿಯನ್ನು ಮಲಗಿಸಿದ್ದರು. ಬಿಳಿ ತುಂಡು ಬಟ್ಟೆ ಹೊದ್ದ ಹೆಂಗಸರು ಸುತ್ತ ಕೂತಿದ್ದರು. ಅಂಗಳದಲ್ಲಿ ಬ್ಯಾಂಡ್ ಸೆಟ್ಟು ಬಾರಿಸುತ್ತಿತ್ತು, ಗಂಡಸರು ಮಂಚದ ಸುತ್ತ ವೃತ್ತವಾಗಿ ಕುಣಿಯುತ್ತಿದ್ದರು. ನಮ್ಮಲ್ಲಿ ಹಾಗೆ. ಬಾಳಿ ಹೋದವರನ್ನು ಕುಣಿದು ಕಳಿಸುತ್ತೇವೆ. ನಮ್ಮ ಡ್ರಮ್ಮಿನವನೇ ಬಾರಿಸುತ್ತಿದ್ದ, ಕೋಲು ತಾಳಕ್ಕಿಂತ ಕೂದಲೆಳೆಯಷ್ಟು ಮುಂಚೆ ಬೀಳುತ್ತಿತ್ತು. ಕುಣಿಯುವವರ ಕಾಲನ್ನು ಎತ್ತಿಸುತ್ತಿದ್ದದ್ದೇ ಆ ಕೂದಲೆಳೆ.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ತಿಂಗಳು ನಾನು ಬೈದದ್ದು ಇದನ್ನೇ. ಇವರಿಗೆ ಸಾವಿನ ವಾದ್ಯ ಅಂದರೆ ಕುಣಿತದ ವಾದ್ಯ. ಬೆರಳಿಗೆ ನಿಧಾನ ಕಲಿಸಬಹುದು, ಮೊಣಕಾಲಿಗೆ ಹೇಗೆ ಕಲಿಸುವುದು? ಸಂಜೆ ಮನೆಗೆ ಬಂದು, ಅಭ್ಯಾಸದ ಹೊತ್ತು ಯಾರೋ ತೆಗೆದಿದ್ದ ವಿಡಿಯೊ ಹಾಕಿ ನೋಡಿದೆ. ಆರ್ಕೆಸ್ಟ್ರಾ ನೋಡಲು ಹಾಕಿದ್ದು, ಕಂಡವಳು ನಾನು. ಎರಡನೇ ಪುಟಕ್ಕೆ ನನ್ನ ಹಿಮ್ಮಡಿ ಏಳತೊಡಗಿತ್ತು. ಮೂರನೇ ಪುಟಕ್ಕೆ ಭುಜ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕುಣಿಯುತ್ತಲೇ ನೆಲ ಡೊಂಕು ಅನ್ನುತ್ತಿದ್ದೆ.

ಆದರೆ ಆ ಸಾವಿನ ಮನೆಯಲ್ಲಿ ನಾನು ಇನ್ನೊಂದನ್ನೂ ಕಂಡಿದ್ದೆ. ಕುಣಿತ ಮುಗಿದು ಎತ್ತುವ ಮೊದಲು ವಾದ್ಯ ಎಲ್ಲ ನಿಲ್ಲುತ್ತದೆ. ಆಗ ಕರು ಹರಸುವ ಹೊತ್ತು. ಹಿಂದೆ ಸತ್ತವರ ಪಾಪವನ್ನು ಕರುವೊಂದರ ಮೇಲೆ ಹೊರಿಸಿ ಬಿಟ್ಟುಬಿಡುತ್ತಿದ್ದರಂತೆ, ಈಗ ಹೆಸರಷ್ಟೇ ಉಳಿದಿದೆ. ಹಿರಿಯರೊಬ್ಬರು ಮಂಚದ ಪಕ್ಕ ನಿಂತು, ಸತ್ತವರೂ ಅವರ ಹಿಂದಿನವರೂ ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ. ಗಡಿಕಲ್ಲು ಸರಿಸಿದ್ದು, ಹಸಿದವನನ್ನು ಬಾಗಿಲಿಂದ ಕಳಿಸಿದ್ದು, ಅಂಥವು. ಒಂದೊಂದಕ್ಕೂ ಸೇರಿದವರೆಲ್ಲ ತಗ್ಗಿದ ದನಿಯಲ್ಲಿ ಪಾಪ ಎಂದು ಓಗೊಡುತ್ತಾರೆ. ಎಲ್ಲ ಹೇಳಿ ಮುಗಿದಾಗ ಪಾಪ ಕಳಚಿ ಜೀವ ದಾಟಿಹೋಯಿತು ಅಂತ ನಂಬಿಕೆ. ಅಲ್ಲಿ ಯಾರೂ ತಾಳ ಹಾಕುವುದಿಲ್ಲ. ಆದರೂ ಯಾರೂ ಓಡುವುದಿಲ್ಲ. ಹೇಳುವವರ ಸಾಲು ಮುಗಿದು ಉಸಿರು ಕೆಳಗಿಳಿದ ಮೇಲೇ ಓಗೊಡುತ್ತಾರೆ.

ನಾಲ್ಕನೇ ಭಾಗ ಬರೆದಿರುವುದೂ ಹಾಗೇ. ಚೆಲ್ಲೊದ ಒಂದು ಸಾಲು, ಟ್ರಾಂಬೋನುಗಳ ಒಂದು ಓಗೊಡುವಿಕೆ. ಮತ್ತೊಂದು ಸಾಲು, ಮತ್ತೊಂದು ಓಗೊಡುವಿಕೆ. ಪಾಪಿಯೊಬ್ಬ ಸತ್ತಿದ್ದಾನೆ, ಅವನಿಗೆ ಕ್ಷಮೆ ಬೇಕು. ಇಷ್ಟು ದಿನ ಇದು ಕಣ್ಣೆದುರೇ ಇತ್ತು, ನಾನು ಮೆಟ್ರೊನೋಮ್ ಹಿಡಿದು ಕೂತಿದ್ದೆ.

ಶನಿವಾರ ಹೇಳಿದೆ: ಇದನ್ನು ಹೆಣ ಹೊರುವ ವಾದ್ಯ ಅಂದುಕೊಳ್ಳಬೇಡಿ. ಕರು ಹರಸುವುದು ಅಂದುಕೊಳ್ಳಿ. ನಾನು ತಾಳ ಹಾಕುವುದಿಲ್ಲ. ಅವಳು ಸಾಲು ಹೇಳಲಿ, ಅವಳ ಕಮಾನು ನಿಂತ ಮೇಲೆ ನೀವು ಓಗೊಡಿ.

ಮಾಮ ಟ್ರಾಂಬೋನನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರು.

“ಸಾವಿಲ್ಲದ ಮನೆಲಿ ಅದ ಮಾಡ್ಲಾಗದು.”

“ಮಾಮ, ಮಾತು ಹೇಳಿ ಅನ್ನುತ್ತಿಲ್ಲವಲ್ಲ. ವಾದ್ಯ ಅಷ್ಟೇ.”

“ಮಾತು ಇಲ್ಲದಿದ್ದರೂ ಮನಸು ಅದೇ ಅಲ್ಲವಾ? ನೀನೇ ಈಗ ಹಾಗೆ ನೆನಸಿ ಅಂದೆ.”

“ಇದು ಕಥೆ ಮಾಮ! ಆ ಮನುಷ್ಯ ಯಾವತ್ತೂ ಇರಲೇ ಇಲ್ಲ. ಯಾರೋ ಕಟ್ಟಿದ ಕಥೆ!”

“ಕಥೆಯವನಾದರೆ ಏನು? ಸತ್ತ ಅಂದಮೇಲೆ ಸತ್ತ.”

ನಾನು ಕಡ್ಡಿ ಎಸೆದೆ. ಅದು ಡ್ರಮ್ಮಿಗೆ ತಾಗಿ ಬಿತ್ತು. ಇರಲಾರದವಳು ಇರುವೆ ಬಿಟ್ಟುಕೊಂಡಳು ಅಂತಾರಲ್ಲ, ಹಾಗಾಯಿತು ನನ್ನ ಪಾಡು. ಬರೀ ಸಂಗೀತವಾಗಿದ್ದಾಗ ಓಡುತ್ತಿದ್ದರು. ಸಾವು ಮಾಡಿಕೊಟ್ಟೆ, ಈಗ ಕೂತೇಬಿಟ್ಟರು. ಅದಾದ ಮೇಲೆ ಮಾಮ ಬರುವುದನ್ನೇ ನಿಲ್ಲಿಸಿದರು. ಅವರು ಬಾರದಿದ್ದರೆ ಬ್ಯಾಂಡ್ ಸೆಟ್ಟಿನ ಯಾರೂ ಬರುವುದಿಲ್ಲ. ನಾವು ಉಳಿದವರು ಮೊದಲ ಮೂರು ಭಾಗಗಳನ್ನು ತಿಕ್ಕಿ ತಿಕ್ಕಿ ಹೊಳಪು ಮಾಡುತ್ತ ಕೂತೆವು. ಪರೀಕ್ಷಕರು ಬರುವ ದಿನ ಗೊತ್ತಾಗಿಹೋಗಿತ್ತು. ಚೆಲ್ಲೊದವಳು ಒಬ್ಬಳೇ ತನ್ನ ಸಾಲು ನುಡಿಸಿ, ಓಗೊಡುವವರಿಲ್ಲದ ಜಾಗದಲ್ಲಿ ಕಮಾನು ಎತ್ತಿ ಕಾಯುತ್ತಿದ್ದಳು. ಅದನ್ನು ನೋಡಲಾಗುತ್ತಿರಲಿಲ್ಲ.

ಕೊನೆಗೆ ಅವಳೇ ಹೇಳಿದಳು, “ಅಕ್ಕ, ಮಾಮನ ಮನೆಗ ಹೋಗಿ ಕೇಳುವ. ಬೈದರೆ ಬೈಸಿಕೊಂಬ.”

ಹೋದೆವು. ಮಾಮ ತೋಟದಲ್ಲಿ ಟೀ ಗಿಡಗಳ ಕವಾತು ಮಾಡಿಸುತ್ತಿದ್ದರು. ಕತ್ತಿ ಕೈಯಲ್ಲೇ ಇತ್ತು. ನನ್ನ ಕಡೆ ನೋಡದೆ ಅವಳನ್ನು ಕೇಳಿದರು, “ನಿನಗ ಆ ಪೆಟ್ಟಿಗೆ ಅಷ್ಟು ಬೇಕಾ?”

ಪೆಟ್ಟಿಗೆ ಅಂದರೆ ಅವರ ಮಾತಿನಲ್ಲಿ ಚೆಲ್ಲೊ. ಅವಳು ಹೌದೆಂದು ತಲೆಯಾಡಿಸಿದಳು. ಮಾಮ ಎದುರಿಗಿದ್ದ ಗಿಡವನ್ನು ಸವರಿ ಮುಗಿಸಿದರು. ಆಮೇಲೆ ನಮ್ಮನ್ನು ಒಳಗೆ ಕರೆದು, ಕಾಫಿ ಕೊಡಿಸಿ, ಒಂದು ಷರತ್ತು ಹೇಳಿದರು. ಬರುತ್ತೇನೆ, ಬಾರಿಸುತ್ತೇನೆ. ಆದರೆ ಅಭ್ಯಾಸದಲ್ಲಿ ಕೊನೆಯ ಪುಟ ಮುಟ್ಟುವ ಹಾಗಿಲ್ಲ. ಕೊನೆಯ ಪುಟದಲ್ಲಿ ಜೀವ ಹೋಗುತ್ತದೆ ಅಂತ ನೀನೇ ಹೇಳಿದ್ದೀಯ. ವಾರ ವಾರ ಒಬ್ಬನ ಜೀವ ಕಳಿಸಿ, ವಾರ ವಾರ ವಾಪಸು ತಂದು ಮಲಗಿಸಲಾಗದು. ಆ ದಿನ ಜನ ಸೇರಿದಾಗ, ಒಂದು ಸಲ, ಕೊನೆವರೆಗೆ.

ಸಂಗೀತ ಕಲಿಸುವ ಯಾರನ್ನಾದರೂ ಕೇಳಿ ನೋಡಿ. ಇಡೀ ಸಿಂಫನಿಯಲ್ಲಿ ಎಲ್ಲಕ್ಕಿಂತ ಕಷ್ಟದ ಪುಟ ಅದು. ಶ್ರುತಿ ಕತ್ತಲೆಯಿಂದ ಬೆಳಕಿಗೆ ತಿರುಗುವುದು ಅಲ್ಲಿ, ಹಾರ್ನ್ ಮೆಲ್ಲಗೆ ಮೇಲಿನ ಸ್ವರ ಹಿಡಿಯಬೇಕಾದ್ದು ಅಲ್ಲಿ. ಚೆಲ್ಲೊ ಒಂದೇ ಸ್ವರವನ್ನು ಎಳೆದು ಎಳೆದು, ಕಮಾನು ತಿರುಗಿಸಿದ್ದು ಗೊತ್ತಾಗದ ಹಾಗೆ ತೆಳ್ಳಗೆ ಮುಗಿಸಬೇಕಾದ್ದೂ ಅಲ್ಲೇ. ಸಮಿತಿ ಕಿವಿಗೊಟ್ಟು ಕೇಳುವುದೇ ಆ ಪುಟವನ್ನು. ಅದನ್ನು ನುಡಿಸಿ ನೋಡದೆ ವೇದಿಕೆ ಹತ್ತುವುದೆಂದರೆ ಕಣ್ಣು ಕಟ್ಟಿಕೊಂಡು ಘಾಟಿ ಇಳಿದ ಹಾಗೆ. ಆಗುವುದಿಲ್ಲ ಅನ್ನಲು ಬಾಯಿ ತೆರೆದೆ. ಚೆಲ್ಲೊದವಳು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಆಗಲಿ ಮಾಮ ಅಂದುಬಿಟ್ಟೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡು ಬಂದೆ.

ಆಮೇಲಿನ ಶನಿವಾರಗಳಲ್ಲಿ ಓಟ ನಿಂತಿತು. ನಾನು ಕೈ ಕಟ್ಟಿ ನಿಲ್ಲುತ್ತಿದ್ದೆ. ಅವಳು ಸಾಲು ಹೇಳುತ್ತಿದ್ದಳು, ಟ್ರಾಂಬೋನುಗಳು ಉಸಿರು ಬಿಟ್ಟು, ಉಸಿರು ತೆಗೆದು, ಓಗೊಡುತ್ತಿದ್ದವು. ಡ್ರಮ್ಮಿನವನು ಅವರ ಉಸಿರು ನೋಡಿಕೊಂಡು ಬಾರಿಸುತ್ತಿದ್ದ, ಕೂದಲೆಳೆಯಷ್ಟು ಮುಂಚೆಯಲ್ಲ, ಬೇಕಾದರೆ ಒಂದಿಷ್ಟು ತಡವಾಗಿ. ಒಮ್ಮೊಮ್ಮೆ ಮೈ ಜುಂ ಅನ್ನುತ್ತಿತ್ತು. ಆದರೆ ಕೊನೆಯ ಪುಟದ ಬಾಗಿಲಿಗೆ ಬಂದ ಕೂಡಲೇ ಮಾಮ ಟ್ರಾಂಬೋನು ಇಳಿಸುತ್ತಿದ್ದರು, ಎಲ್ಲರೂ ವಾದ್ಯ ಇಳಿಸುತ್ತಿದ್ದರು. ಊಟದೆಲೆಯ ಮುಂದೆ ಕೂರಿಸಿ ಎಬ್ಬಿಸಿದ ಹಾಗಾಗುತ್ತಿತ್ತು ನನಗೆ. ಒಬ್ಬೊಬ್ಬರನ್ನೇ ಕರೆದು, ಹಾರ್ನಿನವನಿಗೆ ಅವನ ಸ್ವರ, ಪಿಟೀಲಿನವರಿಗೆ ಅವರ ಬೆರಳು, ಬಾಯಲ್ಲಿ ಹೇಳಿಕೊಟ್ಟೆ. ಎಲ್ಲ ಸೇರಿದರೆ ಹೇಗಿರುತ್ತದೆ ಎಂಬುದು ಯಾರ ಕಿವಿಗೂ ಗೊತ್ತಿರಲಿಲ್ಲ.

ಪರೀಕ್ಷಕರು ಬಂದರು. ಚೆನ್ನೈನ ಹಿರಿಯ ಪಿಟೀಲು ವಿದುಷಿ, ತಮಿಳು ಇಂಗ್ಲಿಷು ಬೆರೆಸಿ ಮೃದುವಾಗಿ ಮಾತಾಡುವವರು. ನಾಲ್ಕು ಮೈಕು ನಿಲ್ಲಿಸಿ, ಯಂತ್ರವನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರು. ಮಧ್ಯಾಹ್ನದ ಕಾರ್ಯಕ್ರಮ. ಹಟ್ಟಿಗಳಿಂದ ಜೀಪು ತುಂಬಿಕೊಂಡು ನೆಂಟರು ಬಂದಿದ್ದರು. ಮುದುಕಿಯರು ಮುಂದಿನ ಸಾಲು ಹಿಡಿದಿದ್ದರು. ಮೊದಲ ಮೂರು ಭಾಗ ಒಪ್ಪವಾಗಿ ಹೋದವು. ಒಂದೊಂದು ಭಾಗ ಮುಗಿದಾಗಲೂ, ಬೇಡ ಬೇಡ ಎಂದರೂ, ಚಪ್ಪಾಳೆ ಬಿತ್ತು.

ನಾಲ್ಕನೇ ಭಾಗ ಶುರುವಾಗಿ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು.

ಕಿಟಕಿಯ ಬೆಳಕು ಓದಲು ಸಾಕಿತ್ತು. ಯಾರೂ ನಿಲ್ಲಿಸಲಿಲ್ಲ, ನಿಲ್ಲಿಸಬೇಕು ಅಂತ ನನಗೂ ಹೊಳೆಯಲಿಲ್ಲ. ಸಾಲು, ಓಗೊಡುವಿಕೆ, ಸಾಲು, ಓಗೊಡುವಿಕೆ. ಕೊನೆಯ ಪುಟದ ಬಾಗಿಲಿಗೆ ಬಂದೆವು. ಮಾಮ ಟ್ರಾಂಬೋನು ಇಳಿಸಲಿಲ್ಲ. ಹಾಳೆ ತಿರುಗಿಸಿದರು. ಶ್ರುತಿ ತಿರುಗಿತು. ಹಾರ್ನಿನ ಸ್ವರ ಒಂದು ಕ್ಷಣ ನಡುಗಿ ನಿಂತಿತು. ನಾನು ಆ ಪುಟವನ್ನು ಎಷ್ಟೋ ಸಲ ಓದಿದ್ದೇನೆ, ಮನಸ್ಸಿನಲ್ಲಿ ಕೇಳಿದ್ದೇನೆ. ಅದು ಹೀಗಿದೆ ಅಂತ ನನಗೆ ಗೊತ್ತಿರಲಿಲ್ಲ. ಕೊನೆಗೆ ಚೆಲ್ಲೊ ಒಂದೇ ಉಳಿಯಿತು. ಎಷ್ಟು ಹೊತ್ತು ಎಳೆದಳೋ, ಕಮಾನು ಯಾವಾಗ ತಿರುಗಿಸಿದಳೋ, ಗೊತ್ತಾಗಲಿಲ್ಲ. ಸ್ವರ ಯಾವಾಗ ನಿಂತಿತು ಅನ್ನುವುದೂ ಗೊತ್ತಾಗಲಿಲ್ಲ. ಮುಂದಿನ ಸಾಲಿನ ಮುದುಕಿಯರು ಎದ್ದು ನಿಂತಿದ್ದರು. ಹಿಂದೆ ಎಲ್ಲರೂ ಎದ್ದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತುಂಡಿನ ಅಂಚಿನಿಂದ ಕಣ್ಣೊರೆಸಿಕೊಂಡು, ಮಾತಿಲ್ಲದೆ ಹೊರಗೆ ನಡೆದರು. ನನ್ನ ಕಣ್ಣೂ ಒದ್ದೆಯಾಗಿತ್ತು.

ಪರೀಕ್ಷಕರು ಯಂತ್ರದ ಮುಂದೆ ಬಗ್ಗಿ ಕೂತಿದ್ದರು. ಮುಖ ಎತ್ತಿದಾಗಲೇ ನನಗೆ ಅರ್ಥವಾಯಿತು. ಕರೆಂಟು ಹೋದಾಗ ಯಂತ್ರವೂ ನಿಂತಿತ್ತು. ನಾಲ್ಕನೇ ಭಾಗ ಅದರೊಳಗೆ ಇರಲಿಲ್ಲ.

“ಅದ್ಭುತವಾಗಿತ್ತು,” ಅಂದರು. “ನಾನು ಬರೆದು ಕೊಡುತ್ತೇನೆ. ಆದರೆ ನನ್ನ ಬರಹ ಸಾಲದು, ಸಮಿತಿ ಕೇಳಬೇಕು. ಯಾರದೋ ಫೋನಿನದು ಅವರಿಗೆ ನಡೆಯುವುದಿಲ್ಲ. ಚಿಂತೆ ಬೇಡ, ನಾನು ನಾಳೆಯೂ ಇಲ್ಲೇ ಇದ್ದೇನೆ. ಬೆಳಿಗ್ಗೆ ಎಲ್ಲರೂ ಬಂದು ಈ ಭಾಗ ಇನ್ನೊಮ್ಮೆ ನುಡಿಸಿಬಿಡಿ.”

ಎಷ್ಟು ಸುಲಭ! ನನಗೆ ಹೋದ ಜೀವ ಬಂತು. ತಿರುಗಿ ನಮ್ಮವರಿಗೆ ಹೇಳಿದೆ. ಮಾಮ ಟ್ರಾಂಬೋನಿನೊಳಗೆ ಉಸಿರಿನಿಂದ ಸೇರಿದ್ದ ನೀರನ್ನು ಹೊರಗೆ ಚೆಲ್ಲತೊಡಗಿದರು. ಡ್ರಮ್ಮಿನವನು ತನ್ನ ಬೂಟು ನೋಡಿಕೊಂಡ. ನಾನು ಗೋಗರೆದೆ. ಒಂದೇ ಸಲ, ಯಾರೂ ಕೇಳುವುದಿಲ್ಲ, ಯಂತ್ರಕ್ಕಾಗಿ ಅಷ್ಟೆ. ವಾದ್ಯ ಉಳಿಯಬೇಕೋ ಬೇಡವೋ? ಎಲ್ಲರ ಕಣ್ಣೂ ಚೆಲ್ಲೊದವಳ ಕಡೆ ಹೋಯಿತು. ಇವಳು ಹೂಂ ಅಂದಿದ್ದರೆ, ಇವಳಿಗೋಸ್ಕರ, ಮಾಮನೂ ಬರುತ್ತಿದ್ದರು. ಅದು ನನಗೆ ಇವತ್ತಿಗೂ ಖಾತ್ರಿ.

ಅವಳು ಕಮಾನಿನ ತಿರುಪು ಸಡಿಲಿಸುತ್ತಿದ್ದಳು.

“ಅವ ಹೋದ ಅಕ್ಕ,” ಅಂದಳು. “ಹೋದವನ ತಿರುಗ ಕರೆದು, ಇನ್ನೊಂದು ಸಲ ಹೋಗು ಎಂಬುದಾ?”

ಪರೀಕ್ಷಕರಿಗೆ ನಮ್ಮ ಮಾತು ತಿಳಿಯದು. “ಏನಂದರು?” ಅಂತ ನನ್ನನ್ನು ಕೇಳಿದರು.

ಆ ಹೊತ್ತಿಗೆ ನನ್ನ ಬಾಯಲ್ಲಿ ಸುಳ್ಳು ಸಿದ್ಧವಾಗಿತ್ತು. ದಣಿದಿದ್ದಾಳೆ, ಬೆಳಿಗ್ಗೆ ಬರುತ್ತಾಳಂತೆ ಅಂದರೆ ಮುಗಿಯುತ್ತಿತ್ತು. ಆಮೇಲೆ ಮನೆ ಮನೆಗೆ ಹೋಗಿ ಕಾಲು ಹಿಡಿಯಬಹುದಿತ್ತು. ನನಗೆ ಆ ವಾದ್ಯಗಳು ಬೇಕಿದ್ದವು. ಮೇಲಿಂದ, ನಾನು ಇವರ ಹಾಗಲ್ಲ, ನಾಳೆ ಬೆಳಿಗ್ಗೆ ಆ ಮನುಷ್ಯನನ್ನು ಹತ್ತು ಸಲ ಸಾಯಿಸೆಂದರೂ ಸಾಯಿಸುವವಳು. ಕಥೆ ಅದು, ಬರೀ ಕಥೆ.

ಅವಳು ಹೇಳಿದ್ದನ್ನು ಹೇಳಿದ ಹಾಗೇ ತಮಿಳಿನಲ್ಲಿ ಹೇಳಿದೆ.

ಪರೀಕ್ಷಕರು ಮೈಕಿನ ತಂತಿಗಳನ್ನು ಸುತ್ತತೊಡಗಿದರು. ಅವರು ಸಮಿತಿಯ ಮುಂದೆ ನಮಗಾಗಿ ಜಗಳವನ್ನೇ ಆಡಿದರಂತೆ. ಸಮಿತಿ ವಿಷಾದ ತಿಳಿಸಿತು.

ಬೇಸಿಗೆ ಶುರುವಾಗುವ ಮೊದಲು ವ್ಯಾನು ಬಂತು. ಹಾರ್ನು, ಡ್ರಮ್ಮುಗಳನ್ನು ಹುಡುಗರು ಹೊತ್ತು ಹಾಕಿದರು. ಚೆಲ್ಲೊವನ್ನು ಮಾತ್ರ ಅವಳು ಯಾರಿಗೂ ಮುಟ್ಟಗೊಡಲಿಲ್ಲ. ಕೆಳಗೆ ಬಯಲಿನ ಕಾವಿಗೆ ಮರ ಬಿಗಿಯುತ್ತದೆ ಅಂತ ನಾಲ್ಕೂ ತಂತಿಗಳನ್ನು ಒಂದಿಷ್ಟು ಸಡಿಲಿಸಿದಳು. ತಂತಿ ಹೊತ್ತು ನಿಲ್ಲುವ ಮರದ ಕುದುರೆ ಬೀಳದಿರಲಿ ಅಂತ ಅದರ ಎರಡೂ ಕಡೆ ಮಡಿಸಿದ ಬಟ್ಟೆ ಇಟ್ಟಳು. ಇಂಜಿನ್ನಿನ ಹತ್ತಿರ ಇಡಬೇಡಣ್ಣ ಅಂತ ಡ್ರೈವರಿಗೆ ಹೇಳಿದಳು. ವ್ಯಾನು ಗೇಟು ದಾಟಿದ ಮೇಲೆ ನನ್ನ ಸಿಟ್ಟು ಒಡೆಯಿತು.

“ಇನ್ನೊಂದು ಸಲ, ಬರೀ ಒಂದು ಸಲ ನುಡಿಸಿದ್ದರೆ ಏನಾಗುತ್ತಿತ್ತು, ಹೇಳು?”

“ಏನೂ ಆಗ್ತಿರಲಿಲ್ಲೆ ಅಕ್ಕ. ಪೆಟ್ಟಿಗೆ ಇಲ್ಲೇ ಇರ್ತಿತ್ತು,” ಅಂದಳು. ಕೈಗೆ ಹತ್ತಿದ ಕಮಾನಿನ ರಾಳದ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು. “ಆದರೆ ಆ ದಿನ ಅವ ನಿಜವಾಗಿ ಹೋದ. ನಂಗ ಎಲ್ಲರೂ ಕಂಡೆವು. ಮರುದಿನ ಇನ್ನೊಂದು ಸಲ ಬಾಜಿಸಿದ್ದರೆ, ಮೊದಲು ಬಾಜಿಸಿದ್ದೂ ಸುಳ್ಳಾಗ್ತಿತ್ತು.”

ನನ್ನ ಸಿಟ್ಟು ಇಳಿಯಲಿಲ್ಲ. ಎಲೆ ಬರುವ ಹೊತ್ತಾಯಿತು, ಶೆಡ್ಡಿಗೆ ಹೋಗಬೇಕು ಅಂತ ಅವಳು ಬಸ್ಸಿನ ಕಡೆ ನಡೆದಳು. ಅವಳಿಗೆ ಇಲ್ಲಿ ಇನ್ನು ಮುಟ್ಟಲು ಏನೂ ಉಳಿದಿಲ್ಲ ಅಂತ ಗೊತ್ತಿದ್ದೂ, ಶನಿವಾರ ಬರುತ್ತೀಯಲ್ಲ ಅಂತ ಹಿಂದಿನಿಂದ ಕೂಗಿ ಕೇಳಿದೆ.

“ಬತ್ತೆ ಅಕ್ಕ,” ಅಂದಳು. “ಬಾಜಿಸುವವಕ ಇದ್ದರೆ ಕೇಳುವವಕ ಆರಾದರೂ ಬೇಕಲ್ಲ.”